ಬೇರಿಗೆ ಬಾಯಿಲ್ಲ, ಬಾಗಿಲುಂಟು

ಗೊಬ್ಬರ ಹಾಕೋದು ನಮ್ಮ ಕೆಲಸ, ತಿನ್ನೋದು ಗಿಡದ ಕೆಲಸ ಅಂತ ಮಾತಿಗೆ ಹೇಳುತ್ತೇವೆ. ಆದರೆ ಗಿಡ ತಿನ್ನುವುದಾದರೂ ಹೇಗೆ? ಬೇರಿಗೆ ಬಾಯಿಲ್ಲ, ಹಲ್ಲಿಲ್ಲ. ಕಿತ್ತು ತೊಳೆದು ಎಷ್ಟು ತಿರುಗಿಸಿ ನೋಡಿದರೂ ಒಂದು ತೂತು ಕಾಣದು. ಆದರೂ ನೀರು ಒಳಗೆ ಹೋಗುತ್ತದೆ, ಸಾರಜನಕ ಹೋಗುತ್ತದೆ, ಪೊಟ್ಯಾಷ್ ಹೋಗುತ್ತದೆ. ಮಣ್ಣು ಮಾತ್ರ ಹೊರಗೇ ಉಳಿಯುತ್ತದೆ. ಈ ಆಯ್ಕೆ ಮಾಡುವವರು ಯಾರು?

ಉತ್ತರ: ಜೀವಕೋಶದ ಸುತ್ತ ಇರುವ ಒಂದು ತೆಳ್ಳನೆಯ ಪೊರೆ. ನಾನು ಓದಿದ್ದು ಏಳನೇ ಕ್ಲಾಸು. ಈ ಪೊರೆಯ ಸಂಗತಿ ಗೊತ್ತಾಗಿದ್ದು ಮಗಳ ಪಿಯುಸಿ ಪುಸ್ತಕ ಬಿಡಿಸಿ ನೋಡಿದ ಮೇಲೆ, ಆಮೇಲೆ ತಿಳಿದವರನ್ನು ಕೇಳಿ ಕೇಳಿ. ಅರ್ಥ ಆಗುತ್ತಾ ಹೋದಂತೆ ನಮ್ಮ ಹೊಲದ ನಾಲ್ಕೈದು ತಾಪತ್ರಯಗಳಿಗೆ ಕಾರಣ ಒಂದೇ ಕಡೆ ಸಿಕ್ಕಿತು. ಗೊಬ್ಬರ ತಾಗಿ ಬೀಜ ಸಾಯುವುದು, ನೀರಲ್ಲಿ ನಿಂತ ಪೈರು ಬಾಡುವುದು, ಉಪ್ಪು ಬೋರಿನ ನೀರಿಗೆ ಗಿಡ ಸೊರಗುವುದು, ಹಳೇ ಬೀಜ ಮಣ್ಣಲ್ಲೇ ಕೊಳೆಯುವುದು - ಎಲ್ಲದರ ಬೇರೂ ಈ ಪೊರೆಯಲ್ಲೇ ಇದೆ. ಒಂದು ಹದ ಮಳೆಗೆ ವರ್ಷದ ಬಿತ್ತನೆ ಮುಗಿಸಬೇಕಾದ ನಮ್ಮಂಥ ಬೆದ್ದಲು ರೈತರು ಇದನ್ನು ತಿಳಿದುಕೊಂಡರೆ ನಷ್ಟವಿಲ್ಲ. ತಿಳಿಯದಿದ್ದರೆ ನಷ್ಟ ಉಂಟು.

ಚೀಲದೊಳಗಿನ ಚೀಲ

ಗಿಡ, ದನ, ಮನುಷ್ಯ ಎಲ್ಲರ ಮೈಯೂ ಜೀವಕೋಶಗಳಿಂದ ಆದದ್ದು. ಗಿಡದ ಜೀವಕೋಶಕ್ಕೆ ಎರಡು ಹೊದಿಕೆ. ಗೊಬ್ಬರದ ಮೂಟೆ ನೆನಪು ಮಾಡಿಕೊಳ್ಳಿ. ಹೊರಗೆ ನೇಯ್ದ ಚೀಲ, ಒಳಗೆ ಪ್ಲಾಸ್ಟಿಕ್ ಹಾಳೆ ಇರುತ್ತದಲ್ಲ, ಹಾಗೆ. ಹೊರಗಿನದು ಕೋಶಭಿತ್ತಿ. ಇದು ನಾರಿನ ಗೋಡೆ. ಆಕಾರ ಕೊಡುತ್ತದೆ, ಆದರೆ ನೀರು, ಕರಗಿದ ಉಪ್ಪು ಇದರಲ್ಲಿ ಸಲೀಸಾಗಿ ಹಾಯುತ್ತವೆ. ಒಳಗಿನದು ಕೋಶಪೊರೆ. ತಡೆಯುವುದು, ಬಿಡುವುದು ಎಲ್ಲ ಇದರ ಕೆಲಸ.

ಇದು ಎಷ್ಟು ತೆಳ್ಳಗೆ ಅಂದ್ರೆ, ಒಂದರ ಮೇಲೊಂದು ಒಂದು ಲಕ್ಷಕ್ಕೂ ಹೆಚ್ಚು ಪೊರೆ ಪೇರಿಸಿದರೆ ಒಂದು ಮಿಲಿಮೀಟರ್ ದಪ್ಪ ಆಗುತ್ತದೆ!

ಪೊರೆ ಆಗಿರುವುದು ಕೊಬ್ಬಿನಿಂದ. ಈ ಕೊಬ್ಬಿನ ಒಂದೊಂದು ಕಣಕ್ಕೂ ಒಂದು ತಲೆ, ಎರಡು ಬಾಲ. ತಲೆಯಲ್ಲಿ ರಂಜಕ ಇದೆ, ಅದಕ್ಕೆ ನೀರು ಕಂಡರೆ ಇಷ್ಟ. ಬಾಲ ಎಣ್ಣೆಯಂಥದ್ದು, ನೀರು ಕಂಡರೆ ದೂರ. ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಕುರಿಗಳು ತಲೆ ಒಳಗೆ ಹಾಕಿ, ಬಾಲ ಹೊರಗೆ ಮಾಡಿ ಗುಂಪು ನಿಲ್ಲುವುದನ್ನು ನೋಡಿದ್ದೀರಿ. ಈ ಕಣಗಳು ಅದಕ್ಕೆ ಉಲ್ಟಾ. ಬಾಲ ಒಳಗೆ, ತಲೆ ಹೊರಗೆ ಮಾಡಿ ಎರಡು ಸಾಲು ನಿಲ್ಲುತ್ತವೆ. ಒಂದು ಸಾಲಿನ ತಲೆ ಕೋಶದ ಹೊರಗಿನ ನೀರಿನ ಕಡೆಗೆ, ಇನ್ನೊಂದು ಸಾಲಿನದು ಒಳಗಿನ ನೀರಿನ ಕಡೆಗೆ. ಮಧ್ಯದಲ್ಲಿ ಬಾಲಗಳ ಎಣ್ಣೆ ಪದರ. ನಾವು ಹಾಕುವ ಡಿಎಪಿಯ ರಂಜಕದಲ್ಲಿ ಒಂದು ಪಾಲು ಹೋಗಿ ಸೇರುವುದು ಈ ತಲೆಗಳಿಗೇ.

ಎರಡು ಪದರ ಇದೆ ಅಂತ ಕಂಡವರು ಹಾಲೆಂಡಿನ ಗೋರ್ಟರ್ ಮತ್ತು ಗ್ರೆಂಡೆಲ್, 1925ರಲ್ಲಿ. ರಕ್ತದ ಕೆಂಪು ಕಣಗಳ ಕೊಬ್ಬನ್ನು ತೆಗೆದು ನೀರಿನ ಮೇಲೆ ಹರಡಿದರು. ಹರಡಿದ ಜಾಗ ಅಳೆದರೆ ಆ ಕಣಗಳ ಮೈ ಅಳತೆಯ ಎರಡು ಪಟ್ಟು ಬಂತು. ಅಂದ ಮೇಲೆ ಪದರ ಎರಡು ಇರಲೇಬೇಕಲ್ಲ! 1972ರಲ್ಲಿ ಅಮೆರಿಕದ ಸಿಂಗರ್ ಮತ್ತು ನಿಕಲ್ಸನ್ ಇನ್ನೊಂದು ಮಾತು ಸೇರಿಸಿದರು. ಈ ಪೊರೆ ಕಲ್ಲಿನ ಗೋಡೆಯಂತೆ ನಿಂತದ್ದಲ್ಲ, ಎಣ್ಣೆಯ ಹಾಗೆ ಸರಿದಾಡುತ್ತದೆ, ಅದರಲ್ಲಿ ಪ್ರೋಟೀನುಗಳು ತೇಲುತ್ತಾ ಇರುತ್ತವೆ ಅಂತ. ಈ ಪ್ರೋಟೀನುಗಳೇ ಬಾಗಿಲುಗಳು.

ಪೊರೆಯ ಕೆಲಸವನ್ನು ಕಣ್ಣಲ್ಲಿ ನೋಡಬೇಕೆ? ಸಂತೆಯಿಂದ ಒಂದು ಬೀಟ್‌ರೂಟ್ ತನ್ನಿ. ಎರಡು ತುಂಡು ಕೊಯ್ದು, ಕೊಯ್ದ ಬಣ್ಣ ಹೋಗುವ ತನಕ ತೊಳೆಯಿರಿ. ಒಂದನ್ನು ತಣ್ಣೀರಲ್ಲಿ, ಇನ್ನೊಂದನ್ನು ಕುದಿಯುವ ನೀರಲ್ಲಿ ಹಾಕಿ. ತಣ್ಣೀರು ಬಹಳ ಹೊತ್ತು ತಿಳಿಯಾಗೇ ಇರುತ್ತದೆ. ಬಿಸಿ ನೀರು ಕೆಂಪಾಗುತ್ತದೆ. ಪೊರೆ ಜೀವಂತ ಇರುವ ತನಕ ಬಣ್ಣವನ್ನು ಹಿಡಿದಿಟ್ಟಿತ್ತು, ಬೆಂದ ಮೇಲೆ ಬಿಟ್ಟಿತು. ಅಷ್ಟೇ.

ಒಳಗೆ ಹೋಗುವ ದಾರಿ

ಪ್ರಾಣವಾಯು, ಇಂಗಾಲದ ಡೈಆಕ್ಸೈಡ್, ಅಮೋನಿಯಾ ಇವೆಲ್ಲ ಸಣ್ಣ ಗಾಳಿಗಳು. ಇವು ಪೊರೆಯ ಎಣ್ಣೆಯಲ್ಲೇ ನುಸುಳಿ ಹೋಗುತ್ತವೆ, ಇವಕ್ಕೆ ಬಾಗಿಲು ಬೇಕೇ ಬೇಕು ಅಂತಿಲ್ಲ. ಆದರೆ ನೀರಲ್ಲಿ ಕರಗಿದ ಉಪ್ಪುಗಳಿಗೆ ವಿದ್ಯುತ್ ಅಂಶ ಇರುತ್ತದೆ. ಎಣ್ಣೆ ಅವನ್ನು ಬಿಟ್ಟುಕೊಳ್ಳುವುದಿಲ್ಲ. ಪೊಟ್ಯಾಷ್, ನೈಟ್ರೇಟ್, ಸುಣ್ಣ, ಸತು - ಎಲ್ಲವೂ ಪ್ರೋಟೀನಿನ ಬಾಗಿಲಲ್ಲೇ ಬರಬೇಕು.

ಕೋಶಭಿತ್ತಿಯ ನಾರಿನ ಸಂದಿಯಲ್ಲೇ ನುಸುಳಿ ಬೇರಿನ ನಡುವಿನ ಕೊಳವೆ ಸೇರಬಹುದಲ್ಲ ಅಂತ ಕೇಳಬಹುದು. ಗಿಡ ಅದಕ್ಕೂ ತಡೆ ಹಾಕಿದೆ. ಆ ಕೊಳವೆಗಳ ಸುತ್ತ ನೀರು ಹಾಯದಂಥ ಒಂದು ಪಟ್ಟಿ ಇದೆ. ಕ್ಯಾಸ್ಪೇರಿಯನ್ ಪಟ್ಟಿ ಅಂತ ಹೆಸರು. ಹಾಗಾಗಿ ಮೇಲೆ ಹೋಗುವ ಸಾರ ಒಂದು ಸಲವಾದರೂ ಪೊರೆ ದಾಟಲೇಬೇಕು.

ದಾರಿಗಳು ಮೂರು ಥರ.

ಮೊದಲನೆಯದು ನೀರಿನ ಬಾಗಿಲು. ನೀರು ಎಣ್ಣೆಯಲ್ಲಿ ಅಲ್ಪಸ್ವಲ್ಪ ನುಸುಳುತ್ತದೆ, ಆದರೆ ಬೇಗ ಹೋಗಲು ಬಾಗಿಲೇ ಬೇಕು. ಇದನ್ನು ತೋರಿಸಿಕೊಟ್ಟವರು ಅಮೆರಿಕದ ಪೀಟರ್ ಆಗ್ರೆ, 1992ರಲ್ಲಿ. ಅದಕ್ಕೆ 2003ರಲ್ಲಿ ನೊಬೆಲ್ ಬಹುಮಾನವೂ ಬಂತು. ಒಂದು ಬಾಗಿಲಲ್ಲಿ ಸೆಕೆಂಡಿಗೆ ಸುಮಾರು 300 ಕೋಟಿ ನೀರಿನ ಕಣ ಹಾಯುತ್ತವಂತೆ. ಅದೂ ಒಂದರ ಹಿಂದೆ ಒಂದು, ಸಾಲಾಗಿ! ಆಗ್ರೆ ಮೊದಲು ಕಂಡದ್ದು ರಕ್ತದ ಕಣದಲ್ಲಿ. ಗಿಡಗಳ ಬೇರಲ್ಲೂ ಇಂಥವೇ ಇವೆ.

ಎರಡನೆಯದು ಇಳಿಜಾರಿನ ಬಾಗಿಲು. ಹೆಚ್ಚಿರುವ ಕಡೆಯಿಂದ ಕಮ್ಮಿ ಇರುವ ಕಡೆಗೆ ಉಪ್ಪು ತಾನೇ ಹರಿಯುತ್ತದೆ, ಕಾಲುವೆಯ ನೀರಿನಂತೆ. ಒಂದೊಂದು ಬಾಗಿಲೂ ತನಗೆ ಹೊಂದುವ ಕಣವನ್ನು ಮಾತ್ರ ಬಿಡುತ್ತದೆ.

ಮೂರನೆಯದು ಪಂಪು. ಇದೇ ನಮಗೆ ಬಹಳ ಮುಖ್ಯ. ಬೇರಿನ ಕೋಶದೊಳಗೆ ಪೊಟ್ಯಾಷ್ ಮಣ್ಣಿನ ನೀರಲ್ಲಿರುವುದಕ್ಕಿಂತ ನೂರು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಇರುತ್ತದೆ. ಹಳ್ಳದ ನೀರು ದಿಣ್ಣೆಗೆ ತಾನೇ ಏರುವುದುಂಟೆ? ಮೋಟಾರು ಬೇಕು. ಗಿಡದ ಮೋಟಾರು ಕೆಲಸ ಮಾಡುವ ರೀತಿ ಹೀಗೆ: ಅದು ಜಲಜನಕದ ಕಣಗಳನ್ನು ಹೊರಗೆ ತಳ್ಳುತ್ತಲೇ ಇರುತ್ತದೆ. ಇದರಿಂದ ಪೊರೆಯ ಒಳಗೂ ಹೊರಗೂ ವಿದ್ಯುತ್ತಿನ ವ್ಯತ್ಯಾಸ ಬರುತ್ತದೆ, ಸುಮಾರು 0.1ರಿಂದ 0.2 ವೋಲ್ಟ್. ಟಾರ್ಚಿನ ಸೆಲ್ಲು ಒಂದೂವರೆ ವೋಲ್ಟ್. ಆ ಲೆಕ್ಕದಲ್ಲಿ ಇಷ್ಟು ತೆಳು ಪೊರೆಗೆ ಇದು ಕಮ್ಮಿಯೇನಲ್ಲ. ಈ ವಿದ್ಯುತ್ತಿನ ಸೆಳೆತಕ್ಕೆ ಪೊಟ್ಯಾಷ್ ಒಳಗೆ ಬರುತ್ತದೆ. ಹೊರಗೆ ತಳ್ಳಿದ ಜಲಜನಕ ವಾಪಸ್ಸು ನುಗ್ಗುವಾಗ ನೈಟ್ರೇಟನ್ನೂ ಜೊತೆಗೆ ಎಳೆದು ತರುತ್ತದೆ.

ಮೋಟಾರಿಗೆ ಕರೆಂಟು ಬೇಕಲ್ಲ? ಅದು ಸಿಗುವುದು ಎಲೆ ಕಳಿಸಿದ ಸಕ್ಕರೆಯಿಂದ. ಆ ಸಕ್ಕರೆಯನ್ನು ಉರಿಸಲು ಬೇರಿಗೆ ಗಾಳಿ ಬೇಕು. ಗಾಳಿ ಇಲ್ಲದ ಮಣ್ಣಿಗೆ ಗೊಬ್ಬರ ಸುರಿಯುವುದು ಕರೆಂಟಿಲ್ಲದ ಬೋರಿನ ಮುಂದೆ ಪೈಪು ಜೋಡಿಸಿ ಕೂತ ಹಾಗೆ. ಎಡೆಕುಂಟೆ ಹೊಡೆದ ಮೇಲೆ ಪೈರು ಕಳೆ ಏರುವುದಕ್ಕೆ, ಕಳೆ ಸತ್ತದ್ದರ ಜೊತೆಗೆ ಇದೂ ಒಂದು ಕಾರಣ.

ಸೌತೆಕಾಯಿ ಹೇಳುವ ಪಾಠ

ಕೋಸಂಬರಿಗೆ ಹೆಚ್ಚಿದ ಸೌತೆಕಾಯಿಗೆ ಉಪ್ಪು ಹಾಕಿಟ್ಟರೆ ಸ್ವಲ್ಪ ಹೊತ್ತಿಗೆ ನೀರು ಬಿಡುತ್ತದೆ, ಹೋಳು ಮೆತ್ತಗಾಗುತ್ತದೆ. ನೀರು ಯಾವಾಗಲೂ ಉಪ್ಪು ಕಮ್ಮಿ ಇರುವ ಕಡೆಯಿಂದ ಹೆಚ್ಚಿರುವ ಕಡೆಗೆ ಪೊರೆ ದಾಟಿ ಹೋಗುತ್ತದೆ. ಶಾಲೆ ಪುಸ್ತಕದಲ್ಲಿ ಇದಕ್ಕೆ ಅಭಿಸರಣೆ ಅಂತಾರೆ. ಬಾಡಿದ ಕೊತ್ತಂಬರಿ ಕಟ್ಟಿಗೆ ನೀರು ಚಿಮುಕಿಸಿದರೆ ಸೆಟೆದು ನಿಲ್ಲುವುದೂ ಅದೇ ಲೆಕ್ಕ. ಅಲ್ಲಿ ಕೋಶದೊಳಗೆ ಉಪ್ಪು, ಸಕ್ಕರೆ ಹೆಚ್ಚು, ಹೊರಗೆ ಬರೀ ನೀರು. ನೀರು ಒಳಗೆ ಹೋಗುತ್ತದೆ.

ಈಗ ಬಿತ್ತನೆಗೆ ಬನ್ನಿ. ತೆಳು ಹಸಿಯಲ್ಲಿ ಬೀಜದ ಜೊತೆಗೇ ಗೊಬ್ಬರ ಬಿದ್ದರೆ ಏನಾಗುತ್ತದೆ? ಇರುವ ಚೂರು ನೀರಲ್ಲಿ ಗೊಬ್ಬರ ಕರಗಿ ಗಟ್ಟಿ ಉಪ್ಪು ನೀರಾಗುತ್ತದೆ. ಬೀಜ ನೀರು ಕುಡಿಯಲಾರದು. ಆಗತಾನೇ ಬಿಟ್ಟ ಮೊಳಕೆಯಿಂದಲೇ ನೀರು ಹೊರಗೆ ಬರುತ್ತದೆ, ಸೌತೆಕಾಯಿ ಹೋಳಿನ ಹಾಗೆ. ಯೂರಿಯಾ ಆದರೆ ಇನ್ನೂ ಕಷ್ಟ. ಅದು ಮಣ್ಣಲ್ಲಿ ಅಮೋನಿಯಾ ಬಿಡುತ್ತದೆ. ಅಮೋನಿಯಾಕ್ಕೆ ಬಾಗಿಲು ಬೇಡ ಅಂದೆನಲ್ಲ, ಸೀದಾ ಒಳಗೆ ನುಗ್ಗಿ ಮೊಳಕೆಯನ್ನು ಸುಡುತ್ತದೆ. ಒಳ್ಳೆಯ ಮಳೆ ಬಿದ್ದು ಹಸಿ ಆಳಕ್ಕೆ ಇದ್ದರೆ ಉಪ್ಪು ತೆಳುವಾಗಿ ಪೈರು ಬದುಕಿಕೊಳ್ಳುತ್ತದೆ. ನಮ್ಮ ಕಡೆ ಬಿತ್ತಿದ ಮೇಲೆ ಮಳೆ ಕೈಕೊಡುವುದೇ ಹೆಚ್ಚು. ಅದಕ್ಕೇ ಹೊಡೆತ ನಮಗೆ ಜಾಸ್ತಿ.

ಗೊಬ್ಬರಗಳಲ್ಲಿ ಉಪ್ಪಿನ ಜೋರು ಒಂದೇ ಸಮ ಇಲ್ಲ. ಸೋಡಿಯಂ ನೈಟ್ರೇಟನ್ನು 100 ಅಂತ ಇಟ್ಟುಕೊಂಡು ಅಳೆಯುವ ಒಂದು ಅಂಕ ಇದೆ. ಅದರ ಪ್ರಕಾರ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಸುಮಾರು 116, ಯೂರಿಯಾ ಸುಮಾರು 75, ಡಿಎಪಿ 30ರ ಆಸುಪಾಸು, ಸೂಪರ್ ಫಾಸ್ಫೇಟ್ ಬರೀ 8. ಅಂದ್ರೆ ಬೀಜದ ಹತ್ತಿರ ಪೊಟ್ಯಾಷ್, ಯೂರಿಯಾ ಬಿಡಲೇಬಾರದು. ಡಿಎಪಿಯ ಅಂಕ ಕಮ್ಮಿ ಇದ್ದರೂ ಅದೂ ಅಮೋನಿಯಾ ಬಿಡುವುದರಿಂದ ಬೀಜ ಮುಟ್ಟಬಾರದು. ಬೀಜದಿಂದ ಎರಡು ಇಂಚು ಪಕ್ಕಕ್ಕೆ, ಎರಡು ಇಂಚು ಕೆಳಗೆ ಗೊಬ್ಬರ ಬೀಳಬೇಕು ಅಂತ ಹೇಳುವುದು ಇದಕ್ಕೇ. ಬೀಜಕ್ಕೂ ಗೊಬ್ಬರಕ್ಕೂ ಬೇರೆ ಬೇರೆ ತಾಳು ಇರುವ ಕೂರಿಗೆ ಸಿಕ್ಕರೆ ಬಾಡಿಗೆ ಕೊಟ್ಟಾದರೂ ತರುವುದು ಲಾಭ.

ಎಲೆಗೆ ಹೊಡೆಯುವ ಗೊಬ್ಬರಕ್ಕೂ ಇದೇ ಮಾತು. ಯೂರಿಯಾ ಆದರೆ ಲೀಟರಿಗೆ 20 ಗ್ರಾಂ, ಅಂದರೆ ನೂರಕ್ಕೆ ಎರಡು, ಸಾಮಾನ್ಯವಾಗಿ ಹೇಳುವ ಮೇಲಿನ ಮಿತಿ. 'ಇನ್ನೊಂದು ಹಿಡಿ ಹಾಕಿ, ಬೇಗ ಹಸಿರಾಗ್ತದೆ' ಅನ್ನುವವರ ಮಾತು ಕೇಳಬೇಡಿ. ಏರು ಬಿಸಿಲಲ್ಲಿ ಹೊಡೆದರೆ ಹನಿ ಆರುತ್ತಾ ಆರುತ್ತಾ ಗಟ್ಟಿಯಾಗಿ, ಎಲೆ ಕುಡಿಯುವ ಬದಲು ಎಲೆಯ ನೀರನ್ನೇ ಅದು ಕುಡಿಯುತ್ತದೆ. ಎಲೆ ಅಂಚು ಸುಡುವುದು ಹೀಗೆ. ಬೆಳಿಗ್ಗೆ ಇಲ್ಲವೆ ಇಳಿಹೊತ್ತು ಒಳ್ಳೆಯದು.

ನೀರಲ್ಲಿ ನಿಂತು ಬಾಯಾರುವುದು

ಕೆಲವು ವರ್ಷ ಉತ್ತರೆ, ಹಸ್ತ ಮಳೆ ಜಡಿ ಹಿಡಿದು ತಗ್ಗಿನ ಹೊಲದಲ್ಲಿ ನೀರು ನಿಲ್ಲುತ್ತದೆ. ಬಿಸಿಲು ಬಿದ್ದ ಕೂಡಲೇ ತೊಗರಿ, ಶೇಂಗಾ ಜೋತು ಬೀಳುತ್ತವೆ. ಕಾಲಡಿಯಲ್ಲಿ ನೀರು, ತಲೆ ಮೇಲೆ ಬಾಯಾರಿಕೆ! 'ರೋಗ ಬಂತು' ಅಂತ ಔಷಧಿ ಅಂಗಡಿಗೆ ಓಡುವವರೇ ಹೆಚ್ಚು.

ಇದರ ಗುಟ್ಟನ್ನು 2003ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಸಾಸಿವೆ ಜಾತಿಯ ಒಂದು ಸಣ್ಣ ಗಿಡದಲ್ಲಿ ಬಿಡಿಸಿದರು. ನೀರು ನಿಂತ ಮಣ್ಣಲ್ಲಿ ಗಾಳಿ ಇಲ್ಲ. ಗಾಳಿ ಇಲ್ಲದೆ ಬೇರಿನ ಉಸಿರಾಟ ನಿಂತು ಕೋಶದೊಳಗಿನ ರಸ ಹುಳಿಯಾಗುತ್ತದೆ. ಹುಳಿ ಆದ ಕೂಡಲೇ ನೀರಿನ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ. ಹೊರಗೆ ಎಷ್ಟು ನೀರಿದ್ದರೇನು, ಬಾಗಿಲು ಹಾಕಿದ ಮೇಲೆ? ಪಂಪೂ ನಿಂತಿರುತ್ತದೆ, ಗೊಬ್ಬರವೂ ಒಳಗೆ ಹೋಗದು. ಆಗ ಮಾಡಬೇಕಾದ್ದು ಒಂದೇ ಕೆಲಸ: ಬದುವಿನ ತಗ್ಗು ಕಡೆ ಬಾಯಿ ತೆಗೆದು ನೀರು ಹೊರಗೆ ಬಿಡುವುದು, ಮಣ್ಣು ಆರಿದ ಕೂಡಲೇ ಎಡೆ ಹೊಡೆಯುವುದು. ಮೇಲುಗೊಬ್ಬರ ಅದಾದ ಮೇಲೆ.

ಬೋರಿನ ಉಪ್ಪು, ಬರದ ಪೊಟ್ಯಾಷ್

ಆಳದ ಬೋರುಗಳಲ್ಲಿ ಎಷ್ಟೋ ಕಡೆ ಉಪ್ಪು ನೀರು ಬರುತ್ತದೆ. ಇದರಲ್ಲಿ ಸೋಡಿಯಂ ಹೆಚ್ಚಿದ್ದರೆ ಎರಡು ಪೆಟ್ಟು. ಒಂದು, ಮಣ್ಣಿನ ನೀರು ಉಪ್ಪಾಗಿ ಬೇರು ಕುಡಿಯಲು ತಿಣುಕುತ್ತದೆ. ಎರಡು, ಸೋಡಿಯಂ ನೋಡಲು ಪೊಟ್ಯಾಷ್‌ನ ಅಣ್ಣತಮ್ಮನ ಹಾಗಿದೆ. ಬಾಗಿಲುಗಳು ಮೋಸ ಹೋಗಿ ಒಳಗೆ ಬಿಡುತ್ತವೆ. ಬಂದ ಸೋಡಿಯಂ ಅನ್ನು ಹೊರಗೆ ನೂಕಲು ಗಿಡ ತನ್ನ ಶಕ್ತಿ ಖರ್ಚು ಮಾಡುತ್ತದೆ. ಕಾಯಿ ಕಟ್ಟಬೇಕಾದ ಶಕ್ತಿ ಬಾಗಿಲು ಕಾಯುವುದಕ್ಕೇ ಹೋಯಿತು ಅನ್ನಿ.

ಬೋರಿನ ನೀರು ಪರೀಕ್ಷೆ ಮಾಡಿಸಿದರೆ ಚೀಟಿಯಲ್ಲಿ ಇ.ಸಿ. ಅಂತ ಒಂದು ಅಂಕ ಇರುತ್ತದೆ. ಡೆಸಿಸೀಮನ್ ಲೆಕ್ಕದಲ್ಲಿ 0.7ರ ಒಳಗಿದ್ದರೆ ಚಿಂತೆ ಇಲ್ಲ. 0.7ರಿಂದ 3ರ ತನಕ ಬೆಳೆ ನೋಡಿ, ಎಚ್ಚರದಿಂದ ಬಳಸಬೇಕು. 3 ದಾಟಿದರೆ ಹೆಚ್ಚಿನ ಬೆಳೆಗಳಿಗೆ ತೊಂದರೆ. ಇಂಥ ನೀರು ಕೊಡುವವರು ಮಣ್ಣು ಪೂರಾ ಒಣಗಲು ಬಿಡಬಾರದು. ಒಣಗಿದಷ್ಟೂ ಉಪ್ಪು ಗಟ್ಟಿಯಾಗುತ್ತದೆ. ಸೋಡಿಯಂ ಹೆಚ್ಚಾಗಿ ಮಣ್ಣು ಕೆಟ್ಟಿದ್ದರೆ ಮಣ್ಣು ಪರೀಕ್ಷೆ ಮಾಡಿಸಿ ಜಿಪ್ಸಂ ಹಾಕಬೇಕು. ಜಿಪ್ಸಂನ ಸುಣ್ಣದ ಅಂಶ ಮಣ್ಣಿನಿಂದ ಸೋಡಿಯಂ ಅನ್ನು ಬಿಡಿಸುತ್ತದೆ. ಪೊರೆಯ ಕಣಗಳನ್ನು ಬಿಗಿಯಾಗಿ ಹಿಡಿಯುವುದೂ ಸುಣ್ಣವೇ. ಸುಣ್ಣ ಕಮ್ಮಿ ಆದ ಪೊರೆ ಸೋರುತ್ತದೆ. ಶೇಂಗಾ ಕಾಯಿ ತನಗೆ ಬೇಕಾದ ಸುಣ್ಣವನ್ನು ಸುತ್ತಲ ಮಣ್ಣಿನಿಂದ ತಾನೇ ಹೀರುವುದರಿಂದ ಅದಕ್ಕೆ ಎಕರೆಗೆ 200 ಕೆ.ಜಿ. ಜಿಪ್ಸಂ, ಊಡು ಇಳಿಯುವ ಹೊತ್ತಿಗೆ ಗಿಡದ ಬುಡದಲ್ಲೇ ಬೀಳಬೇಕು.

ಪೊಟ್ಯಾಷ್ ಬೆದ್ದಲಿಗೆ ಯಾಕೆ ಬೇಕು ಅಂತ ಕೇಳುವವರಿದ್ದಾರೆ. ಎಲೆಯ ಕೆಳಗಡೆ ಉಸಿರಾಡುವ ರಂಧ್ರಗಳಿವೆ. ಪ್ರತಿ ರಂಧ್ರಕ್ಕೂ ಎರಡು ಕಾವಲು ಕೋಶ. ಅವುಗಳೊಳಗೆ ಪೊಟ್ಯಾಷ್ ಹೋದರೆ ಹಿಂದೆಯೇ ನೀರು ಹೋಗಿ, ಉಬ್ಬಿ, ರಂಧ್ರ ತೆರೆಯುತ್ತದೆ. ಮಣ್ಣು ಒಣಗಿದಾಗ ಗಿಡ ಒಂದು ಸಂದೇಶ ಕಳಿಸುತ್ತದೆ. ಪೊಟ್ಯಾಷ್ ಹೊರಗೆ ಬರುತ್ತದೆ, ನೀರೂ ಬರುತ್ತದೆ, ರಂಧ್ರ ಮುಚ್ಚುತ್ತದೆ. ಎಲೆಯಿಂದ ಆವಿ ಹೋಗುವುದು ನಿಲ್ಲುತ್ತದೆ. ಪೊಟ್ಯಾಷ್ ಕೊರತೆ ಇದ್ದರೆ ಈ ಬಾಗಿಲು ಸರಿಯಾಗಿ ಹಾಕದು, ತೆಗೆಯದು. ಮಣ್ಣು ಪರೀಕ್ಷೆಯಲ್ಲಿ ಕೊರತೆ ಕಂಡರೆ ಬಿಡಬೇಡಿ. ಒಲೆ ಬೂದಿಯಲ್ಲೂ ಪೊಟ್ಯಾಷ್ ಇದೆ, ತಿಪ್ಪೆಗೆ ಸೇರಿಸಿ.

ಬೀಜಕ್ಕೂ ಪೊರೆ ಇದೆ

ಒಣ ಬೀಜದಲ್ಲಿ ಪೊರೆ ಸುಕ್ಕುಗಟ್ಟಿ ಮಲಗಿರುತ್ತದೆ. ಮೊದಲ ನೀರು ತಾಗಿದಾಗ ಸ್ವಲ್ಪ ಹೊತ್ತು ಒಳಗಿನ ಸಕ್ಕರೆ, ಉಪ್ಪು ಹೊರಗೆ ಸೋರುತ್ತವೆ. ಒಳ್ಳೆಯ ಬೀಜದಲ್ಲಿ ಪೊರೆ ಬೇಗ ಸರಿಯಾಗಿ ಸೋರಿಕೆ ನಿಲ್ಲುತ್ತದೆ. ಹಳೆಯ ಬೀಜ, ಬಿಸಿಲಲ್ಲಿ ಬೆಂದ ಬೀಜ, ಪೆಟ್ಟು ತಿಂದ ಬೀಜದಲ್ಲಿ ಸೋರುತ್ತಲೇ ಇರುತ್ತದೆ. ಆ ಸಕ್ಕರೆಗೆ ಮಣ್ಣಿನ ಬೂಸ್ಟು ಮುತ್ತಿಕೊಂಡು ಬೀಜ ಕೊಳೆಯುತ್ತದೆ. ಬೀಜ ಪರೀಕ್ಷೆ ಕೇಂದ್ರಗಳಲ್ಲಿ ಬೀಜ ನೆನೆಸಿದ ನೀರಲ್ಲಿ ಎಷ್ಟು ವಿದ್ಯುತ್ ಹರಿಯುತ್ತದೆ ಅಂತ ನೋಡುವ ಪರೀಕ್ಷೆಯೇ ಇದೆ. ಹೆಚ್ಚು ಹರಿದರೆ ಹೆಚ್ಚು ಸೋರಿದೆ ಅಂತ ಅರ್ಥ. ನಮಗೆ ಆ ಯಂತ್ರ ಬೇಡ. ನೂರು ಬೀಜ ಎಣಿಸಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಮೊಳಕೆ ಎಣಿಸಿದರೆ ಸಾಕು. ಶೇಂಗಾ ಕಾಯಿಯನ್ನು ಬಿತ್ತನೆ ಹತ್ತಿರ ಬಂದಾಗಲೇ ಸುಲಿಯಬೇಕು, ಕೆಂಪು ಸಿಪ್ಪೆ ಹರಿದ ಬೀಜ ಆರಿಸಿ ತೆಗೆಯಬೇಕು ಅಂತ ಹಿರಿಯರು ಹೇಳುತ್ತಿದ್ದುದರಲ್ಲಿ ಅರ್ಥ ಇದೆ. ರಾಗಿ ಬೀಜ ನೆನೆಸಿ, ನೆರಳಲ್ಲಿ ಒಣಗಿಸಿ ಬಿತ್ತುವುದರಲ್ಲೂ ಇದೇ ಲಾಭ. ಪೊರೆಗೆ ಮೊದಲೇ ರಿಪೇರಿ ಆಗಿರುತ್ತದೆ.

ಮನೆಯ ಮಕ್ಕಳಿಗೂ ಅದೇ ಬಾಗಿಲು

ಕೊನೆಗೆ ಹೊಲ ಬಿಟ್ಟು ಮನೆಯ ಒಂದು ಮಾತು. ವಾಂತಿ-ಭೇದಿ ಆದ ಮಗುವಿಗೆ ಬರೀ ನೀರು ಕುಡಿಸಿದರೆ ಸಾಲದು. ಕರುಳಿನ ಪೊರೆಯಲ್ಲಿ ಒಂದು ಬಾಗಿಲಿದೆ. ಅದು ಉಪ್ಪು ಮತ್ತು ಸಕ್ಕರೆ ಜೊತೆಯಾಗಿ ಬಂದರೆ ಎರಡನ್ನೂ ಒಳಗೆ ಬಿಡುತ್ತದೆ, ಅವುಗಳ ಹಿಂದೆ ನೀರು ಹೋಗುತ್ತದೆ. ಭೇದಿಯಲ್ಲೂ ಈ ಬಾಗಿಲು ಕೆಲಸ ಮಾಡುತ್ತಿರುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಬೀಸ್ ಈ ಉಪ್ಪು-ಸಕ್ಕರೆ ನೀರಿನಿಂದಲೇ ಸಾವಿರಾರು ಜೀವ ಉಳಿಸಿದರು. ಆಸ್ಪತ್ರೆಯ ಓಆರ್‌ಎಸ್ ಪೊಟ್ಟಣ ಸಿಗದಿದ್ದಾಗ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಮಟ್ಟಸವಾಗಿರಲಿ, ರಾಶಿ ಬೇಡ. ಅಳತೆ ಮೀರಿದರೆ ಇಲ್ಲೂ ಸೌತೆಕಾಯಿ ಕಥೆಯೇ, ನೀರು ಮೈಯಿಂದ ಹೊರಗೆ ಬರುತ್ತದೆ. ಕುಡಿಸುತ್ತಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಹೊಲದಲ್ಲಿ ನೆನಪಿಡಬೇಕಾದ್ದು

* ಬೀಜ, ಗೊಬ್ಬರ ಒಂದಕ್ಕೊಂದು ಮುಟ್ಟದಿರಲಿ. ಎರಡು ಇಂಚು ಪಕ್ಕ, ಎರಡು ಇಂಚು ಕೆಳಗೆ.
* ಮಣ್ಣಲ್ಲಿ ಹಸಿ ಇಲ್ಲದಾಗ ಮೇಲುಗೊಬ್ಬರ ಬೇಡ. ಮಳೆ ಬರಲಿ, ಆಮೇಲೆ ಹಾಕಿ. ಒಂದೇ ಸಲಕ್ಕಿಂತ ಎರಡು ಕಂತು ವಾಸಿ.
* ನೀರು ನಿಂತು ಬಾಡಿದ ಪೈರಿಗೆ ಮೊದಲು ಬೇಕಾದ್ದು ಗಾಳಿ, ಔಷಧಿ ಅಲ್ಲ.
* ಎಲೆಗೆ ಹೊಡೆಯುವ ದ್ರಾವಣ ತೆಳುವಾಗಿರಲಿ, ತಂಪು ಹೊತ್ತಲ್ಲಿ ಹೊಡೆಯಿರಿ.
* ಬೋರಿನ ನೀರನ್ನು ಒಮ್ಮೆಯಾದರೂ ಪರೀಕ್ಷೆ ಮಾಡಿಸಿ. ಚೀಟಿ ಜೋಪಾನವಾಗಿಡಿ.
* ತಿಪ್ಪೆಗೊಬ್ಬರ ಕಮ್ಮಿ ಮಾಡಬೇಡಿ. ಮಣ್ಣಿಗೆ ಗಾಳಿ, ಹಸಿ ಎರಡನ್ನೂ ಹಿಡಿದು ಕೊಡುವುದು ಅದೇ.

ಚೀಲ ಬಿಚ್ಚಿ ಸುರಿಯುವ ತನಕ ಗೊಬ್ಬರ ನಮ್ಮ ಕೈಲಿದೆ. ಸುರಿದ ಮೇಲೆ ಅದರ ಯಜಮಾನ ಆ ಪೊರೆ. ಅದಕ್ಕೆ ತೆಳು ನೀರು, ಗಾಳಿ ಇರುವ ಮಣ್ಣು ಒದಗಿಸಿಕೊಟ್ಟರೆ ಅರ್ಧ ಚೀಲವೂ ಒಂದು ಚೀಲದ ಕೆಲಸ ಮಾಡೀತು. ಇಲ್ಲದಿದ್ದರೆ ಎರಡು ಚೀಲ ಸುರಿದರೂ ಬಾಗಿಲ ಹೊರಗೇ ಉಳಿದೀತು.